ಕೆಸುವಿನ ಎಲೆ ಮೇಲೆ ನೀರು ಯಾಕ್ ನಿಲ್ಲಲ್ಲ, ಮನೇಲೇ ಮಾಡಿ ನೋಡಿ

ಪತ್ರೊಡೆಗೆ ತಂದಿರೋ ಕೆಸುವಿನ ಎಲೇಲಿ ಒಂದು ಕದಿಯಿರಿ, ಅಮ್ಮ ಲೆಕ್ಕ ಇಟ್ಟಿರ್ತಾರೆ ಹುಷಾರು. ಉಜ್ಜಬೇಡಿ, ಚಿಟಿಕೆ ವಿಭೂತಿ ಉದುರಿಸಿ ಹನಿಹನಿಯಾಗಿ ನೀರು ಬಿಟ್ಟು ಎಲೆ ಓರೆ ಮಾಡಿ, ಹನಿ ಗೋಲಿ ಥರ ಉರುಳ್ತಾ ಧೂಳನ್ನೂ ಎತ್ಕೊಂಡು ಹೋಗತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಮೇಲೆ ಮೇಣ, ಮಧ್ಯೆ ಗಾಳಿ, ಹಾಗಾಗಿ ನೀರಿಗೆ ಹಿಡ್ಕೊಳ್ಳೋಕೆ ಜಾಗನೇ ಇಲ್ಲ. ಈಗ ಸೋಪಿನ ನೀರು ಬಿಡಿ, ಪಚಕ್ ಅಂತ ಅಂಟತ್ತೆ.

ಜರ್ಮನಿಯ ಸಸ್ಯವಿಜ್ಞಾನಿ ಬಾರ್ಥ್‌ಲಾಟ್ ತಾವರೆ ಎಲೇಲಿ ಈ ಗುಟ್ಟು ಹಿಡಿದ್ಮೇಲೆ 1999ರಲ್ಲಿ ಇದೇ ಥರ ನೀರು, ಧೂಳು ಜಾರಿಸೋ ಗೋಡೆ ಪೇಂಟೇ ಮಾರ್ಕೆಟ್‌ಗೆ ಬಂತು, ತಾವರೆಗೆ ರಾಯಲ್ಟಿ ಮಾತ್ರ ಸೊನ್ನೆ.

ಎಲೆ ಸಿಗದಿದ್ರೆ ಸ್ಟೀಲ್ ಚಮಚದ ಬೆನ್ನನ್ನ ಮೇಣದಬತ್ತಿ ಉರಿಗೆ ಹಿಡಿದು ಪೂರ್ತಿ ಮಸಿ ಹಿಡಿಸಿ, ಆರಿದ್ಮೇಲೆ ಹನಿ ಬಿಡಿ, ಅದೇ ಆಟ. ಚಮಚ ತೊಳೆದಿಡಿ, ನಾನು ಹಾಗೇ ಸ್ಟ್ಯಾಂಡಿಗೆ ಹಾಕಿ ಬೈಸ್ಕೊಂಡಿದ್ದೀನಿ.