ಮೊದಲ ಹೊಳವು ಒಂದೇ: ಎರಡನೇ ಔಷಧಿಯ ಲೆಕ್ಕ ಕೂಡಿಬಂದ ಬಗೆ

ಈ ಸಲ ನಮ್ಮ ಮೂರು ಎಕರೆ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ್ದು ಹೆಚ್ಚೆಂದರೆ ನಾಲ್ಕೈದು ಬುಟ್ಟಿ ಅಡಿಕೆ. ತೀರ್ಥಹಳ್ಳಿ ಕಡೆಯ ಮಳೆ ಕಂಡವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಮಳೆಗೂ ಸಂಭವನೀಯತೆಯ ಲೆಕ್ಕವೇ?’ ಎಂದು ತಲೆಯಾಡಿಸಿ ಹೋದವರೇ ಈಗ ಪುಸ್ತಕ ತೋರಿಸು ಎಂದು ಜಗುಲಿಗೆ ಬರುತ್ತಿದ್ದಾರೆ. ಕೊಳೆಗೆ ಎರಡನೇ ಸಲ ಔಷಧಿ ಹೊಡೆಸಲು ಹೊಳವು, ಅಂದರೆ ಮಳೆ ಬಿಡುವು ಕೊಡುವ ದಿನ, ಯಾವಾಗ ಸಿಕ್ಕೀತು ಎಂಬ ಆ ಲೆಕ್ಕವನ್ನು ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ತಂದೆ ಅಂಗಳದ ಮಳೆಮಾಪಕವನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡುತ್ತಿದ್ದರು. ಅವರ ನಂತರ ನಾನು. ಒಟ್ಟು 24 ಮಳೆಗಾಲ. ಹಾಳೆಗಳು ಹೊಗೆ ಹಿಡಿದು ಕಂದಿವೆ. ಹೊಳವಾದ ದಿನ ಅವರು ಅಂಕಿಯ ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿ ನಡುವೆ ಚುಕ್ಕಿ ಇಡುತ್ತಿದ್ದರು. ನನಗೆ ಬೇಕಾಗಿದ್ದುದು ಆ ಚುಕ್ಕಿಗಳೇ. ನಮ್ಮಲ್ಲಿ ಮೊದಲ ಔಷಧಿ ಮೃಗಶಿರ ಮಳೆಗೆ ಮುಂಚೆ ಮುಗಿಯುತ್ತದೆ, ಎರಡನೆಯದಕ್ಕೆ ನಲವತ್ತು ದಿನ ಕಳೆಯಬೇಕು. ಅಂದರೆ ಜುಲೈ 10ರ ನಂತರ ಬೆನ್ನುಬೆನ್ನಿಗೆ ಎರಡು ದಿನ ಹೊಳವು ಸಿಗಬೇಕು. 2.5 ಮಿಲಿಮೀಟರಿಗಿಂತ ಕಡಿಮೆ ಬಿದ್ದ ದಿನವನ್ನು ಹೊಳವೆಂದು ಹಿಡಿದೆ. ಹವಾಮಾನ ಇಲಾಖೆಯವರು ಮಳೆಯ ದಿನವನ್ನು ಎಣಿಸುವುದೂ ಆ ಗೆರೆಯಿಂದಲೇ.

ಮೊದಲ ಸಲ ಎಣಿಸಿದಾಗ ಪುನರ್ವಸು ಮಳೆಯ ಕೊನೆಯ ಹತ್ತು ದಿನಗಳಲ್ಲಿ ಇಂಥ ಹೊಳವು ಸಿಕ್ಕ ವರ್ಷ 9, ಅದರ ನಂತರದ ಎರಡು ವಾರದ ಪುಷ್ಯ ಮಳೆಯಲ್ಲಿ ಸಿಕ್ಕ ವರ್ಷ 13 ಬಂತು. ಕೂಡಿದೆ: 24ಕ್ಕೆ 22. ನೂರಕ್ಕೆ ತೊಂಬತ್ತರ ಮೇಲೆ! ಆ ಭರವಸೆಯಲ್ಲಿ ಕಾದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಒಂದು ದಿನ ಬಂದು ಕೇಳಿದಾಗಲೂ ‘ಇನ್ನೂ ಸಮಯವಿದೆ’ ಎಂದು ಕಳುಹಿಸಿದೆ. ಪುನರ್ವಸು ಹೋಯಿತು, ಪುಷ್ಯವೂ ಹೋಯಿತು, ಮಳೆ ಒಂದು ಹಗಲೂ ಬಿಡಲಿಲ್ಲ. ಮುಂದಿನ ಆಶ್ಲೇಷ ಮಳೆಯ ನಡುವೆ ತೋಟಕ್ಕೆ ಇಳಿದರೆ ಬುಡದ ತುಂಬ ಬಿಳಿ ಬೂಜು ಹಿಡಿದ ಹಸಿ ಕಾಯಿ. ಸುಮಾರು ಮೂರು ಕ್ವಿಂಟಲ್ ಒಣ ಅಡಿಕೆ ಮಣ್ಣುಪಾಲಾಯಿತು. ಆಗ ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ ನಲವತ್ತೈದು ಸಾವಿರದ ಆಸುಪಾಸಿನಲ್ಲಿತ್ತು. ಒಂದೂಕಾಲು ಲಕ್ಷಕ್ಕೂ ಮೇಲೆ ಪೆಟ್ಟು.

ಪೆಟ್ಟು ತಿಂದ ಮೇಲೆ ಪುಸ್ತಕ ಬಿಚ್ಚಿ ಆಶ್ಲೇಷವನ್ನೂ ಎಣಿಸಿದೆ. 17 ವರ್ಷ. ಮೂರನ್ನೂ ಕೂಡಿದರೆ 24ಕ್ಕೆ 39! ಇರುವ ವರ್ಷಗಳಿಗಿಂತ ಹೊಳವಾದ ವರ್ಷಗಳೇ ಹೆಚ್ಚು. ಕೆಲವು ವರ್ಷ ಪುನರ್ವಸುವಿನಲ್ಲೂ ಹೊಳವಿತ್ತು, ಪುಷ್ಯದಲ್ಲೂ ಇತ್ತು. ಆ ವರ್ಷಗಳನ್ನು ಎರಡೆರಡು ಸಲ ಎಣಿಸಿದ್ದೆ. ಒಟ್ಟಿಗೆ ಆಗಬಲ್ಲ ಎರಡು ಘಟನೆಗಳ ಸಂಭವನೀಯತೆಯನ್ನು ಹಾಗೆಯೇ ಕೂಡುವಂತಿಲ್ಲ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ತೋಟದಲ್ಲಿ ಅದು ನೆನಪಾಗಲಿಲ್ಲ.

ಆ ಮಳೆಗಾಲದಲ್ಲೇ ಕರೆಂಟ್ ಇಲ್ಲದ ರಾತ್ರಿಗಳಲ್ಲಿ ಮಗಳ ಜೊತೆ ಚೌಕಾಬಾರದ ನಾಲ್ಕು ಕವಡೆಗಳನ್ನು 400 ಸಲ ಎಸೆದು ಬರೆದುಕೊಂಡೆ. ಒಂದು 120, ಎರಡು 147, ಮೂರು 80, ನಾಲ್ಕು 16, ಎಂಟು 37, ನೆನಪಿರುವಷ್ಟು ಹೀಗೆ. ಒಂದು ಎಸೆತಕ್ಕೆ ಒಂದೇ ಗರ, ಆದ್ದರಿಂದ ಕೂಡಿದರೆ ಸರಿಯಾಗಿ 400. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮವಾಗಿದ್ದಿದ್ದರೆ ನಾಲ್ಕು ಮತ್ತು ಎಂಟು ತಲಾ 25 ಬರಬೇಕಿತ್ತು. ನಮ್ಮ ಕವಡೆ ಬೋರಲಿಗೇ ಹೆಚ್ಚು ವಾಲುತ್ತದೆ. ಆದರೂ ‘ನಾಲ್ಕು ಅಥವಾ ಎಂಟು’ ಬಿದ್ದದ್ದು 53 ಸಲ, ಲೆಕ್ಕದ 50ಕ್ಕೆ ಹತ್ತಿರವೇ. ಮಳೆಯ ಪುಸ್ತಕದಲ್ಲೂ ವರ್ಷಕ್ಕೆ ಒಂದೇ ಗರ ಬೀಳುವಂತೆ ಮಾಡಬೇಕು ಎಂದು ಹೊಳೆದದ್ದು ಆ ಚಿಮಣಿ ಬೆಳಕಿನಲ್ಲಿ.

ಮಾಡಿದ್ದು ಇಷ್ಟೇ. ‘ಹೊಳವು ಇತ್ತೇ’ ಎಂದು ಕೇಳುವುದನ್ನು ಬಿಟ್ಟು, ‘ಜುಲೈ 10ರ ನಂತರದ ಮೊದಲ ಹೊಳವು ಯಾವ ಮಳೆಯಲ್ಲಿ’ ಎಂದು ಕೇಳಿದೆ. ಮೊದಲನೆಯದು ವರ್ಷಕ್ಕೆ ಒಂದೇ. ಪುನರ್ವಸುವಿನಲ್ಲಿ ಬಂದರೆ ಪುಷ್ಯದಲ್ಲಿ ಅದು ಬರುವಂತೆಯೇ ಇಲ್ಲ, ಪರಸ್ಪರ ವರ್ಜಕ. ಪುನರ್ವಸು 9, ಪುಷ್ಯ 7, ಆಶ್ಲೇಷ 5, ಮಘೆಯವರೆಗೂ ಇಲ್ಲದ್ದು 3. ಒಟ್ಟು 24. ಈಗ ಕಣ್ಣುಮುಚ್ಚಿ ಕೂಡಬಹುದು. ಪುಷ್ಯ ಮುಗಿಯುವುದರೊಳಗೆ ಹೊಳವು ಸಿಗುವುದು 16/24, ಮೂರರಲ್ಲಿ ಎರಡು ಪಾಲು. ನಾನು ನಂಬಿ ಕೂತಿದ್ದ 22/24 ಎಲ್ಲಿ, ಇದೆಲ್ಲಿ! ಕೈಕೊಡುವುದು 5/24 ಮತ್ತು 3/24 ಸೇರಿ ಮೂರರಲ್ಲಿ ಒಂದು ಪಾಲು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದವರು ಕೂಡ ವರ್ಷವನ್ನು ಹೀಗೆಯೇ ಎರಡು ಹೋಳು ಮಾಡಿದ್ದರು; ಅವರು ಅಂಕಿ ಹಾಕಿರಲಿಲ್ಲ, ಅಷ್ಟೇ.

ಉಳಿದದ್ದು ದುಡ್ಡಿನ ಮಾತು. ಒಂದು ಸುತ್ತು ಔಷಧಿಗೆ ಮೈಲುತುತ್ತ, ಸುಣ್ಣ, ರಾಳ, ಕೊನೆಗಾರನ ಕೂಲಿ, ಹಗ್ಗ ಹಿಡಿಯುವವರ ಕೂಲಿ ಎಲ್ಲ ಸೇರಿ ನನಗೆ ಇಪ್ಪತ್ತು ಸಾವಿರ ಬೀಳುತ್ತದೆ. ಕೈಕೊಟ್ಟರೆ ಹೋಗುವ ಒಂದೂಕಾಲು ಲಕ್ಷದ ಮೂರನೇ ಒಂದು ಪಾಲು ನಲವತ್ತು ಸಾವಿರಕ್ಕೂ ಮೇಲೆ. ಆದ್ದರಿಂದ ಮೊದಲ ಔಷಧಿಯಾದ ಮೂವತ್ತನೇ ದಿನದಿಂದಲೇ ಅರ್ಧ ದಿನದ ಹೊಳವು ಸಿಕ್ಕರೂ ಒಂದೊಂದು ಎಕರೆಗೆ ಹೊಡೆಸಿಬಿಡುತ್ತೇನೆ. ಮುಂದೆ ಪೂರ್ತಿ ಹೊಳವು ಬಂದಾಗ ಇನ್ನೊಂದು ಸುತ್ತು. ಕರೆದ ಕೂಡಲೇ ಬರಲು ಕೊನೆಗಾರನಿಗೆ ಮುಂಗಡವನ್ನೂ ಕೊಟ್ಟಿರುತ್ತೇನೆ. ‘ದುಡ್ಡು ಹೆಚ್ಚಾಗಿದೆ’ ಎಂದು ಆಡಿಕೊಂಡರು. ಮೂರು ವರ್ಷವಾಯಿತು, ಒಮ್ಮೆಯೂ ಅರ್ಧ ಕ್ವಿಂಟಲಿಗಿಂತ ಹೆಚ್ಚು ಕಳೆದುಕೊಂಡಿಲ್ಲ. ಅರ್ಧ ದಿನದ ಹೊಳವನ್ನು ಮುಂಜಾನೆಯೇ ಗುರುತಿಸುವುದಕ್ಕೆ ಹಳ್ಳದ ಕಡೆ ನೋಡುವ ಒಂದು ಗುರುತಿದೆ. ಅದು ತಂದೆಯಿಂದ ಬಂದದ್ದು, ಇಲ್ಲಿ ಬರೆಯುವುದಿಲ್ಲ. ರಾಳದ ಅಳತೆಯೂ ಅಷ್ಟೇ.

ಇದೇ ಉತ್ಸಾಹದಲ್ಲಿ ಧಾರಣೆಯನ್ನೂ ಏರಿತು, ಇಳಿಯಿತು, ನಿಂತಿತು ಎಂದು ಮೂರು ಹೋಳು ಮಾಡಿ ವಾರವಾರ ಬರೆದೆ. ಕೂಡಿದರೆ ಒಂದಕ್ಕೆ ಸರಿಹೋಯಿತು, ಆದರೆ ಒಂದು ಮೂಟೆ ಮಾರಲೂ ಉಪಯೋಗಕ್ಕೆ ಬರಲಿಲ್ಲ. ಹೋಳು ಸರಿಯಾಗಿದ್ದ ಮಾತ್ರಕ್ಕೆ ಹಿಂದಿನ ವಾರಗಳು ಮುಂದಿನ ವಾರಕ್ಕೆ ಸಾಕ್ಷಿ ಹೇಳುವುದಿಲ್ಲ. ಮೂರು ತಿಂಗಳಿಗೆ ಬಿಟ್ಟೆ.

ಮೊದಲ ವರ್ಷ ಎಲ್ಲರಿಗಿಂತ ಹೆಚ್ಚು ವಾದ ಮಾಡಿದ್ದ ಆಗುಂಬೆ ಕಡೆಯ ನೆಂಟರೊಬ್ಬರು ಮೊನ್ನೆ ಬಂದು 9, 7, 5, 3 ಎಂದು ನನ್ನ ಅಂಕಿಗಳನ್ನು ಬರೆದುಕೊಳ್ಳಲು ಕೂತರು. ನಿಮ್ಮ ಘಟ್ಟದ ಅಂಚಿನ ಮಳೆಗೆ ಇವು ನಡೆಯುವುದಿಲ್ಲ, ನಿಮ್ಮ ಮನೆಯಲ್ಲೇ ಹಳೆಯ ಪಂಚಾಂಗಗಳ ಅಂಚಿನಲ್ಲಿ ಹೊಳವು ಗುರುತು ಹಾಕಿದವರು ಇರಬೇಕು, ಹುಡುಕಿ ಎಂದೆ. ಅಟ್ಟದಲ್ಲಿ 11 ವರ್ಷದ್ದು ಸಿಕ್ಕಿದೆಯಂತೆ. ಭಾನುವಾರ ಎಣಿಸಲು ಹೋಗುತ್ತಿದ್ದೇನೆ.