ನಿಮ್ಮ ಊರಿನ ಪಾರ್ಕಿಗೆ ಫೆಡರಲ್ ಅನುದಾನ ತರುವುದು ಹೇಗೆ?

ಅಮೆರಿಕದ ಯಾವ ಕನ್ನಡ ಕೂಟದವರನ್ನಾದರೂ ಕೇಳಿ, ಬೇಸಿಗೆಯ ಪಿಕ್‌ನಿಕ್‌ಗೆ ಪಾರ್ಕಿನಲ್ಲಿ ಶೆಲ್ಟರ್ ಸಿಗುವುದು ಎಷ್ಟು ಕಷ್ಟ ಅಂತ ಹೇಳುತ್ತಾರೆ. ವಾರಾಂತ್ಯದಲ್ಲಿ ಕ್ರಿಕೆಟ್ ಆಡುವವರ ಗೋಳು ಇನ್ನೂ ಜಾಸ್ತಿ. ಬೇಸ್‌ಬಾಲ್ ಮೈದಾನದ ಒಂದು ಮೂಲೆಯಲ್ಲಿ ಮ್ಯಾಟ್ ಹಾಸಬೇಕು, ಬೇಸ್‌ಬಾಲ್‌ನವರು ಬಂದರೆ ಮ್ಯಾಟ್ ಸುತ್ತಿಕೊಂಡು ಹೊರಡಬೇಕು. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೋಲಿಸಿತು. ಚಿಕ್ಕಮಗಳೂರು ಮೂಲದ ನೊಸ್ತುಷ್ ಕೆಂಜಿಗೆ ಅವತ್ತು 3 ವಿಕೆಟ್ ತೆಗೆದರು. ಅದನ್ನು ನೋಡಿದ ಮಕ್ಕಳು ಬ್ಯಾಟ್ ಹಿಡಿದು ಹೊರಟರೆ ಎಷ್ಟೋ ಊರುಗಳಲ್ಲಿ ಆಡಲು ಜಾಗವೇ ಇಲ್ಲ.

ಸಿಟಿಯವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ಬಜೆಟ್ ಇಲ್ಲ. ಅಲ್ಲಿಗೇ ಸುಮ್ಮನಾಗಬೇಡಿ. ಊರೂರಿನ ಪಾರ್ಕುಗಳಿಗೆ ನೆರವಾಗುವ ಫೆಡರಲ್ ನಿಧಿಯೊಂದು ಆರು ದಶಕಗಳಿಂದ ಇದೆ. ಅದರ ಹೆಸರು ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಷನ್ ಫಂಡ್. ಕಚೇರಿಗಳಲ್ಲಿ ಎಲ್‌ಡಬ್ಲ್ಯೂಸಿಎಫ್ ಅನ್ನುತ್ತಾರೆ. ಈಗಾಗಲೇ 40 ಸಾವಿರಕ್ಕೂ ಹೆಚ್ಚು ರಾಜ್ಯ ಮತ್ತು ಸ್ಥಳೀಯ ಯೋಜನೆಗಳಿಗೆ ಇದರ ಹಣ ಹೋಗಿದೆ. ನೀವು ದಿನಾ ವಾಕಿಂಗ್ ಮಾಡುವ ಪಾರ್ಕಿಗೂ ಹೋಗಿರಬಹುದು. ಗೇಟಿನ ಹತ್ತಿರ ಫಲಕ ಇದೆಯಾ ನೋಡಿ.

ಹಣ ಎಲ್ಲಿಂದ ಬರುತ್ತದೆ

1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಕಾನೂನಿಗೆ ಸಹಿ ಹಾಕಿದರು. ನಿಧಿಗೆ ಮುಖ್ಯವಾಗಿ ಬರುವುದು ಜನರ ಆದಾಯ ತೆರಿಗೆ ಅಲ್ಲ. ಸಮುದ್ರದಡಿಯಿಂದ ತೈಲ ಮತ್ತು ಅನಿಲ ತೆಗೆಯುವ ಕಂಪನಿಗಳು ಫೆಡರಲ್ ಸರ್ಕಾರಕ್ಕೆ ಕಟ್ಟುವ ರಾಯಧನ. ಎಲ್ಲರಿಗೂ ಸೇರಿದ ಒಂದು ಸಂಪತ್ತು ಖರ್ಚಾಗುವಾಗ, ಎಲ್ಲರಿಗೂ ಸೇರುವ ಇನ್ನೊಂದು ಉಳಿಯಲಿ ಎನ್ನುವುದು ಇದರ ಹಿಂದಿನ ಯೋಚನೆ.

ಯೋಚನೆ ಚೆನ್ನಾಗಿತ್ತು, ನಡೆದುಕೊಂಡ ರೀತಿ ಚೆನ್ನಾಗಿರಲಿಲ್ಲ. ವರ್ಷಕ್ಕೆ 90 ಕೋಟಿ ಡಾಲರ್‌ವರೆಗೆ ಕೊಡಬಹುದು ಅಂತ ಕಾನೂನಿನಲ್ಲಿ ಇದ್ದರೂ, ದಶಕಗಳ ಕಾಲ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಪೂರ್ತಿ ಮೊತ್ತ ಕೊಟ್ಟದ್ದು ಅಪರೂಪ. ಉಳಿದದ್ದು ಬೇರೆ ಖರ್ಚುಗಳಿಗೆ ಹೋಯಿತು. 2019ರಲ್ಲಿ ನಿಧಿಯನ್ನು ಕಾಯಂ ಮಾಡಿದರು. 2020ರ ಆಗಸ್ಟ್ 4ರಂದು ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಆ್ಯಕ್ಟ್ ಬಂತು, ವರ್ಷಕ್ಕೆ 90 ಕೋಟಿ ಡಾಲರ್ ಕಾಯಂ ಆಯಿತು. ಇದರಲ್ಲಿ ಕನಿಷ್ಠ ಶೇ 40ರಷ್ಟು ರಾಜ್ಯಗಳ ನೆರವಿಗೆ ಹೋಗಬೇಕು. ನಮ್ಮ ಊರಿನ ಪಾರ್ಕಿಗೆ ಸಂಬಂಧಪಟ್ಟದ್ದು ಈ ಪಾಲು. ಇದನ್ನು ನೋಡಿಕೊಳ್ಳುವುದು ನ್ಯಾಷನಲ್ ಪಾರ್ಕ್ ಸರ್ವಿಸ್. ಆದರೆ ನೀವು ನೇರವಾಗಿ ಅವರ ಬಾಗಿಲು ತಟ್ಟಿ ಪ್ರಯೋಜನವಿಲ್ಲ, ಎಲ್ಲವೂ ರಾಜ್ಯದ ಮೂಲಕವೇ ಹೋಗಬೇಕು.

ಮೊದಲು: ಅರ್ಜಿ ಹಾಕುವವರು ಯಾರು?

ನೀವಲ್ಲ. ಕನ್ನಡ ಕೂಟವೂ ಅಲ್ಲ, ಕ್ರಿಕೆಟ್ ಕ್ಲಬ್ಬೂ ಅಲ್ಲ. ಸಿಟಿ, ಕೌಂಟಿ, ಪಾರ್ಕ್ ಡಿಸ್ಟ್ರಿಕ್ಟ್, ರಾಜ್ಯದ ಇಲಾಖೆ, ಮೂಲನಿವಾಸಿ ಬುಡಕಟ್ಟುಗಳ ಸರ್ಕಾರ ಇಂಥವರಿಗೆ ಮಾತ್ರ ಅನುದಾನ ಸಿಗುತ್ತದೆ. ಖಾಸಗಿ ಸಂಸ್ಥೆಗಳಿಗೆ ನೇರವಾಗಿ ಸಿಗುವುದಿಲ್ಲ. ನಿಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ನಡೆಸುವ ಪಾರ್ಕ್ ಇದ್ದರೆ ಅದಕ್ಕೂ ಇಲ್ಲ, ಅದು ಖಾಸಗಿ ಆಸ್ತಿ.

ಹಾಗಾದರೆ ನಮ್ಮ ಕೆಲಸ ಏನು? ಸಿಟಿಯವರು ಅರ್ಜಿ ಹಾಕುವಂತೆ ಮಾಡುವುದು, ಆ ಅರ್ಜಿಗೆ ಬಲ ತುಂಬುವುದು. ಚಿಕ್ಕ ಊರುಗಳ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಇಲಾಖೆಯಲ್ಲಿ ಇರುವುದೇ ಬೆರಳೆಣಿಕೆಯ ಜನ. ಅನುದಾನದ ಅರ್ಜಿ ಬರೆಯಲು ಅವರಿಗೆ ಪುರುಸೊತ್ತಿರುವುದಿಲ್ಲ. ಅಂಕಿಅಂಶ, ಸಹಿ, ಫೋಟೊ, ಸ್ಥಳದ ವಿವರ ಎಲ್ಲ ಸಿದ್ಧ ಮಾಡಿಕೊಂಡು ಹೋದವರ ಮಾತಿಗೆ ಬೆಲೆ ಇರುತ್ತದೆ. ಪಾರ್ಕ್ಸ್ ಬೋರ್ಡ್ ಅಥವಾ ಕಮಿಷನ್ ಸಭೆಗೆ ಹೋಗಿ. ಸಾರ್ವಜನಿಕರು ಮಾತಾಡಲು ಅಲ್ಲಿ ಸಮಯ ಇಟ್ಟಿರುತ್ತಾರೆ, ಎರಡು ಮೂರು ನಿಮಿಷ ಸಿಕ್ಕರೂ ಸಾಕು. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಕುಟುಂಬದವರು ಒಟ್ಟಿಗೆ ಹೋದರೆ ಒಳ್ಳೆಯದು. ಬೇರೆ ಸಮುದಾಯದ ನೆರೆಹೊರೆಯವರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು: ಏನು ಕೇಳಬಹುದು, ಏನು ಕೇಳಬಾರದು

ಪಾರ್ಕಿಗೆ ಜಾಗ ಕೊಳ್ಳುವುದಕ್ಕೂ ಹಣ ಸಿಗುತ್ತದೆ, ಇರುವ ಜಾಗದಲ್ಲಿ ಕಟ್ಟುವುದಕ್ಕೂ ಸಿಗುತ್ತದೆ. ಮಕ್ಕಳ ಆಟದ ಜಾಗ, ಕ್ರೀಡಾ ಮೈದಾನ, ಕಾಲುದಾರಿ, ಪಿಕ್‌ನಿಕ್ ಶೆಲ್ಟರ್, ಹೊರಾಂಗಣ ಈಜುಕೊಳ, ದೋಣಿ ಇಳಿಸುವ ಕಟ್ಟೆ, ಕ್ಯಾಂಪಿಂಗ್ ಜಾಗ ಎಲ್ಲವೂ ಬರುತ್ತದೆ. ಇವುಗಳ ಜೊತೆಗೆ ಬೇಕಾಗುವ ಶೌಚಾಲಯ, ಪಾರ್ಕಿಂಗ್ ಜಾಗವೂ ಸೇರುತ್ತದೆ. ಕ್ರಿಕೆಟ್ ಮೈದಾನವನ್ನೂ ಕ್ರೀಡಾ ಮೈದಾನ ಅಂತಲೇ ಕೇಳಬಹುದು.

ಒಳಾಂಗಣ ಜಿಮ್, ಸಮುದಾಯ ಭವನ, ವೃತ್ತಿಪರ ತಂಡಗಳ ಸ್ಟೇಡಿಯಂ ಇವಕ್ಕೆಲ್ಲ ಇಲ್ಲ. ಹುಲ್ಲು ಕತ್ತರಿಸುವುದು, ಬಲ್ಬ್ ಬದಲಿಸುವುದು ಇಂಥ ದಿನನಿತ್ಯದ ನಿರ್ವಹಣೆಗೂ ಇಲ್ಲ. ಒಂದು ಸಣ್ಣ ವಿನಾಯಿತಿ ಇದೆ: ಚಳಿ ತೀರಾ ಜಾಸ್ತಿ ಇರುವ ಕಡೆ ಈಜುಕೊಳಕ್ಕೆ ಮತ್ತು ಐಸ್ ಸ್ಕೇಟಿಂಗ್ ಅಂಗಳಕ್ಕೆ ಮಾಡು ಹೊದಿಸಲು 1976ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಕ್ರಿಕೆಟ್ ವಿಷಯದಲ್ಲಿ ನನ್ನದೊಂದು ಸಲಹೆ. ಬರೀ ಪಿಚ್ ಕೇಳಬೇಡಿ. ಪಿಚ್ಚಿನ ಸುತ್ತ ನಡೆಯುವ ದಾರಿ, ಒಂದು ಶೆಲ್ಟರ್, ವೀಲ್‌ಚೇರ್ ಹೋಗುವಂಥ ಆಟದ ಜಾಗ ಸೇರಿಸಿ ಯೋಜನೆ ಮಾಡಿ. ಹೇಗೂ ಅಂಗವಿಕಲರಿಗೆ ಅನುಕೂಲವಾಗುವಂತೆ ಕಟ್ಟಲೇಬೇಕು ಅಂತ ಕಾನೂನಿದೆ. ಅದನ್ನು ಕಾಟಾಚಾರಕ್ಕೆ ಮಾಡದೆ, ಅಜ್ಜಿಯರು ಮೊಮ್ಮಕ್ಕಳು ಎಲ್ಲರೂ ಬರುವ ಜಾಗವಾಗಿ ಯೋಚಿಸಿದರೆ ಪಾರ್ಕೂ ಚೆನ್ನಾಗಿರುತ್ತದೆ, ಅರ್ಜಿಯೂ ಗಟ್ಟಿಯಾಗುತ್ತದೆ.

ಮೂರನೆಯದು: ರಾಜ್ಯದ ಪುಸ್ತಕ ಓದಿ

ಪ್ರತಿ ರಾಜ್ಯದಲ್ಲೂ ಈ ಅನುದಾನ ನೋಡಿಕೊಳ್ಳುವ ಒಂದು ಕಚೇರಿ ಇದೆ. ಟೆಕ್ಸಸ್‌ನಲ್ಲಿ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ, ಕ್ಯಾಲಿಫೋರ್ನಿಯಾದಲ್ಲಿ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಇಲಾಖೆ, ನ್ಯೂಜೆರ್ಸಿಯಲ್ಲಿ ಗ್ರೀನ್ ಏಕರ್ಸ್ ಕಾರ್ಯಕ್ರಮ. ಅರ್ಜಿಯ ಕೊನೆಯ ದಿನ, ಗರಿಷ್ಠ ಮೊತ್ತ, ಅಂಕ ಕೊಡುವ ಕ್ರಮ ಎಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅವರ ವೆಬ್‌ಸೈಟ್ ನೋಡಿ, ಅನುದಾನದ ಅಧಿಕಾರಿಗೆ ಫೋನ್ ಮಾಡಿ. ಅವರು ಸಾಮಾನ್ಯವಾಗಿ ಸಂತೋಷದಿಂದಲೇ ಮಾತಾಡುತ್ತಾರೆ.

ಹಾಗೆಯೇ ಪ್ರತಿ ರಾಜ್ಯವೂ ಐದು ವರ್ಷಕ್ಕೊಮ್ಮೆ ಹೊರಾಂಗಣ ಮನರಂಜನೆಯ ಯೋಜನೆಯೊಂದನ್ನು ಬರೆಯಬೇಕು. ಇದಕ್ಕೆ ಸ್ಕಾರ್ಪ್ ಅನ್ನುತ್ತಾರೆ. ನಮ್ಮ ಜನಕ್ಕೆ ಏನು ಬೇಕು, ಎಲ್ಲಿ ಕೊರತೆ ಇದೆ ಅಂತ ಅದರಲ್ಲಿ ಬರೆದಿರುತ್ತದೆ. ಈ ಯೋಜನೆಗೆ ಹೊಂದುವ ಅರ್ಜಿಗೇ ಹಣ. ನಿಮ್ಮ ಪಾರ್ಕ್ ಸ್ಕಾರ್ಪ್‌ನ ಯಾವ ಗುರಿಗೆ ಹೊಂದುತ್ತದೆ ಅಂತ ಪುಟ ಸಂಖ್ಯೆ ಸಮೇತ ತೋರಿಸಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಯೋಜನೆ ಬರೆಯುವಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ, ಸಮೀಕ್ಷೆ ಮಾಡುತ್ತಾರೆ. ಆಗ ನಮ್ಮವರು ಉತ್ತರಿಸದೇ ಹೋದರೆ, ಕ್ರಿಕೆಟ್ ಬೇಕು, ದೊಡ್ಡ ಕುಟುಂಬಗಳಿಗೆ ಕೂರುವ ಶೆಲ್ಟರ್ ಬೇಕು ಅಂತ ಅದರಲ್ಲಿ ಬರುವುದು ಹೇಗೆ? ನಮಗೆ ಬೇಕಾದದ್ದು ಕಾಗದದಲ್ಲಿ ಇಲ್ಲ ಅಂದರೆ, ಅನುದಾನ ಹಂಚುವವರ ಲೆಕ್ಕದಲ್ಲಿ ಅದು ಯಾರಿಗೂ ಬೇಡ ಅಂತಲೇ ಅರ್ಥ. ಸಮೀಕ್ಷೆಯ ಕೊಂಡಿ ಬಂದಾಗ ಕೂಟದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಎಲ್ಲರೂ ತುಂಬುವಂತೆ ಬೆನ್ನು ಹತ್ತಿ.

ನಾಲ್ಕನೆಯದು: ಅರ್ಧ ಹಣ ನಿಮ್ಮ ಊರಿನದು

ಫೆಡರಲ್ ನಿಧಿ ಹೆಚ್ಚೆಂದರೆ ಖರ್ಚಿನ ಅರ್ಧ ಕೊಡುತ್ತದೆ. ಯೋಜನೆ 6 ಲಕ್ಷ ಡಾಲರಿನದ್ದಾದರೆ 3 ಲಕ್ಷ ಊರೇ ಹೊಂದಿಸಬೇಕು. ಇದಕ್ಕೆ ಮ್ಯಾಚ್ ಅನ್ನುತ್ತಾರೆ. ಜೊತೆಗೆ ಇನ್ನೊಂದು ಷರತ್ತು: ಹಣ ಮುಂಗಡವಾಗಿ ಕೈಗೆ ಬರುವುದಿಲ್ಲ. ಸಿಟಿ ಮೊದಲು ಖರ್ಚು ಮಾಡಬೇಕು, ಬಿಲ್ ತೋರಿಸಿದ ಮೇಲೆ ವಾಪಸ್ ಬರುತ್ತದೆ. ಅಂದರೆ ಪೂರ್ತಿ 6 ಲಕ್ಷವನ್ನು ಸ್ವಲ್ಪ ಕಾಲ ನಿಭಾಯಿಸುವ ಶಕ್ತಿ ಸಿಟಿಗೆ ಇರಬೇಕು. ಒಳ್ಳೆಯ ಯೋಜನೆಗಳೂ ಮುಗ್ಗರಿಸುವುದು ಇಲ್ಲಿ.

ಮ್ಯಾಚ್ ಅಂದರೆ ಸಿಟಿಯ ನಗದೇ ಆಗಬೇಕಿಲ್ಲ. ದಾನವಾಗಿ ಬಂದ ಹಣ, ದಾನ ಕೊಟ್ಟ ಜಾಗ, ಸಾಮಗ್ರಿ, ಸಿಟಿ ನೌಕರರ ದುಡಿಮೆ, ಸ್ವಯಂಸೇವಕರ ಕೆಲಸ ಇವನ್ನೂ ನಿಯಮದ ಪ್ರಕಾರ ಬೆಲೆ ಕಟ್ಟಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಯಾವುದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತಾರೆ ಅಂತ ನಿಮ್ಮ ರಾಜ್ಯದ ಕಚೇರಿಯಲ್ಲಿ ಕೇಳಿಕೊಳ್ಳಿ. ಬೇರೆ ಫೆಡರಲ್ ಹಣವನ್ನು ಸಾಮಾನ್ಯವಾಗಿ ಮ್ಯಾಚ್ ಆಗಿ ತೋರಿಸುವಂತಿಲ್ಲ. ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರ್ಯಾಂಟ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ.

ಕೂಟಗಳು ಮತ್ತು ಕ್ಲಬ್ಬುಗಳು ನಿಜವಾಗಿ ನೆರವಾಗಬಹುದಾದ ಜಾಗ ಇದೇ. ಸಂಕ್ರಾಂತಿ, ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ದೇಣಿಗೆ ಎತ್ತುವುದು ನಮ್ಮವರಿಗೆ ಗೊತ್ತು. ಅದರಲ್ಲಿ ಒಂದು ಪಾಲನ್ನು ಪಾರ್ಕಿಗಾಗಿ ಸಿಟಿಗೆ ಕೊಟ್ಟರೆ, ಆ ಒಂದು ಡಾಲರ್ ಫೆಡರಲ್ ನಿಧಿಯಿಂದ ಇನ್ನೊಂದು ಡಾಲರ್ ಎಳೆದು ತರುತ್ತದೆ. ಗಿಡ ನೆಡಲು, ಬೆಂಚು ಜೋಡಿಸಲು ಹೋದವರು ದಿನಾಂಕ, ಗಂಟೆ, ಮಾಡಿದ ಕೆಲಸ ಬರೆದು ಸಹಿ ಹಾಕಿಡಿ. ಲೆಕ್ಕ ಇಡದ ಶ್ರಮಕ್ಕೆ ಇಲ್ಲಿ ಬೆಲೆ ಇಲ್ಲ. ಇದನ್ನೆಲ್ಲ ಶುರುಮಾಡುವ ಮೊದಲೇ ಸಿಟಿಯವರ ಜೊತೆ ಮಾತಾಡಿ. ಅನುಮೋದನೆಗೆ ಮುಂಚೆ ಮಾಡಿದ ಕೆಲಸ ಬಹುತೇಕ ಲೆಕ್ಕಕ್ಕೆ ಬರುವುದಿಲ್ಲ. ಜಾಗ ಕೊಳ್ಳುವುದಾದರಂತೂ ಇನ್ನೂ ಹುಷಾರು. ಲಿಖಿತ ಅನುಮತಿ ಇಲ್ಲದೆ ಮೊದಲೇ ಕೊಂಡುಬಿಟ್ಟರೆ ಅನುದಾನ ತಪ್ಪಿಹೋಗಬಹುದು.

ಐದನೆಯದು: ಕಾಗದಪತ್ರ

ಸಿಟಿಗೆ ಫೆಡರಲ್ ಸರ್ಕಾರದ ನೋಂದಣಿ ಸಂಖ್ಯೆ ಇರಬೇಕು, ಬಹುತೇಕ ಊರುಗಳಿಗೆ ಇರುತ್ತದೆ. ಸಿಟಿ ಕೌನ್ಸಿಲ್ ಒಂದು ನಿರ್ಣಯ ಪಾಸು ಮಾಡಬೇಕಾಗಿ ಬರಬಹುದು. ಪರಿಸರದ ಮೇಲೆ ಆಗುವ ಪರಿಣಾಮವನ್ನು ಪರಿಶೀಲಿಸುತ್ತಾರೆ. ಆ ಜಾಗದಲ್ಲಿ ಹಳೆಯ ಕಟ್ಟಡ ಅಥವಾ ಮೂಲನಿವಾಸಿಗಳ ಕುರುಹು ಇದೆಯಾ ಅಂತ 1966ರ ಐತಿಹಾಸಿಕ ಸಂರಕ್ಷಣಾ ಕಾನೂನಿನ ಪ್ರಕಾರ ನೋಡುತ್ತಾರೆ. ಜಾಗ ಕೊಳ್ಳುವುದಾದರೆ ಫೆಡರಲ್ ಮಾನದಂಡದ ಬೆಲೆ ನಿರ್ಧಾರ ಬೇಕು. 2021ರ ಕಾನೂನಿನ ಪ್ರಕಾರ ಕಬ್ಬಿಣ, ಉಕ್ಕು ಮತ್ತು ಕಟ್ಟಡ ಸಾಮಗ್ರಿ ಅಮೆರಿಕದಲ್ಲೇ ತಯಾರಾಗಿರಬೇಕು. ಆಟದ ಸಲಕರಣೆಗೆ ಆರ್ಡರ್ ಕೊಡುವ ಮೊದಲು ಇದನ್ನು ಕೇಳಿಕೊಳ್ಳಿ.

ರಾಜ್ಯ ಆಯ್ಕೆ ಮಾಡಿದ ಮೇಲೂ ನ್ಯಾಷನಲ್ ಪಾರ್ಕ್ ಸರ್ವಿಸ್ ಒಪ್ಪಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ವರ್ಷವೂ ದಾಟುತ್ತದೆ. ಮುಂದಿನ ಬೇಸಿಗೆಗೇ ಮೈದಾನ ಸಿಗುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ.

ದೊಡ್ಡ ನಗರದ ಬಡ ಬಡಾವಣೆಗಳಲ್ಲಿ ಇರುವವರು ಇನ್ನೊಂದು ದಾರಿಯನ್ನೂ ವಿಚಾರಿಸಿ. ಔಟ್‌ಡೋರ್ ರಿಕ್ರಿಯೇಷನ್ ಲೆಗಸಿ ಪಾರ್ಟ್‌ನರ್‌ಶಿಪ್ ಎಂಬ ಸ್ಪರ್ಧಾತ್ಮಕ ಅನುದಾನ ಇದೇ ನಿಧಿಯಿಂದ ಬರುತ್ತದೆ. ಪಾರ್ಕ್ ಇಲ್ಲದ, ಆದಾಯ ಕಡಿಮೆ ಇರುವ ನಗರ ಪ್ರದೇಶಗಳಿಗೆಂದೇ ಮಾಡಿದ್ದು. 2025ರ ಜನವರಿಯಲ್ಲಿ ಸಹಿಯಾದ ಎಕ್ಸ್‌ಪ್ಲೋರ್ ಆ್ಯಕ್ಟ್ ಇದಕ್ಕೆ ಕಾನೂನಿನ ನೆಲೆ ಕೊಟ್ಟಿತು.

ಆರನೆಯದು: ಗಡಿ ನಕ್ಷೆಗೆ ಸಹಿ ಹಾಕುವ ಮುನ್ನ

ಇಡೀ ಅರ್ಜಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಒಂದು ನಕ್ಷೆ. ಅದರಲ್ಲಿ ಪಾರ್ಕಿನ ಸುತ್ತ ಒಂದು ಗೆರೆ ಎಳೆದು, ದಿನಾಂಕ ಬರೆದು, ಸಹಿ ಹಾಕಿರುತ್ತಾರೆ. ಎಲ್‌ಡಬ್ಲ್ಯೂಸಿಎಫ್ ಕಾನೂನಿನ 6(ಎಫ್) ಕಲಮಿನ ಪ್ರಕಾರ, ಆ ಗೆರೆಯೊಳಗಿನ ನೆಲ ಶಾಶ್ವತವಾಗಿ ಸಾರ್ವಜನಿಕರ ಹೊರಾಂಗಣ ಮನರಂಜನೆಗೇ ಮೀಸಲು. ಇಪ್ಪತ್ತು ವರ್ಷಕ್ಕಲ್ಲ, ಐವತ್ತು ವರ್ಷಕ್ಕಲ್ಲ, ಎಂದೆಂದಿಗೂ. ಸಾಮಾನ್ಯವಾಗಿ ಗೆರೆ ಇಡೀ ಪಾರ್ಕನ್ನು ಸುತ್ತುತ್ತದೆ. ಹೊಸ ಜೋಕಾಲಿ ಹಾಕಿದ ಮೂಲೆಯನ್ನು ಮಾತ್ರ ಅಲ್ಲ.

ಮುಂದೆ ಯಾವಾಗಲೋ ಸಿಟಿಗೆ ಅಲ್ಲಿ ಫೈರ್ ಸ್ಟೇಷನ್ ಕಟ್ಟಬೇಕು ಅನ್ನಿಸಿದರೆ, ಬಿಲ್ಡರ್‌ಗೆ ಮಾರಬೇಕು ಅನ್ನಿಸಿದರೆ, ಸುಮ್ನೆ ಹಾಗೆ ಮಾಡುವಂತಿಲ್ಲ. ನ್ಯಾಷನಲ್ ಪಾರ್ಕ್ ಸರ್ವಿಸ್ ಒಪ್ಪಿಗೆ ಬೇಕು. ಕಳೆದುಕೊಂಡ ನೆಲದ ಈಗಿನ ಮಾರುಕಟ್ಟೆ ಬೆಲೆಗೆ ಕಡಿಮೆ ಇಲ್ಲದ, ಅಷ್ಟೇ ಉಪಯೋಗಕ್ಕೆ ಬರುವ ಬೇರೆ ಜಾಗ ಕೊಂಡು ಪಾರ್ಕ್ ಮಾಡಿಕೊಡಬೇಕು. ಹಿಂದೆ ಪಡೆದ ಅನುದಾನವನ್ನು ವಾಪಸ್ ಕಟ್ಟಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಇದು ಹೊರೆ ಅಂತ ಕೆಲವು ಕೌನ್ಸಿಲ್ ಸದಸ್ಯರಿಗೆ ಅನ್ನಿಸಬಹುದು. ನನಗೆ ಇದೇ ಈ ಅನುದಾನದ ನಿಜವಾದ ಕೊಡುಗೆ. ಜೋಕಾಲಿ ತುಕ್ಕು ಹಿಡಿಯುತ್ತದೆ, ಪಿಚ್ ಸವೆಯುತ್ತದೆ, ಆದರೆ ನೆಲ ಉಳಿಯುತ್ತದೆ. ಬೆಂಗಳೂರಿನಲ್ಲಿ ಪಾರ್ಕು, ಕೆರೆ, ಆಟದ ಮೈದಾನ ಒಂದೊಂದಾಗಿ ಸೈಟು, ರಸ್ತೆ, ಕಟ್ಟಡ ಆಗಿದ್ದನ್ನು ಕಣ್ಣಾರೆ ನೋಡಿದವರಿಗೆ ಇದರ ಬೆಲೆ ಬೇರೆಯಾಗಿ ಹೇಳಬೇಕಿಲ್ಲ ಅಲ್ವಾ?

ಹಾಗಾಗಿ ಗೆರೆ ಎಳೆಯುವ ಮೊದಲೇ ಸಿಟಿಯವರು ಮುಂದಿನ ಯೋಚನೆಗಳನ್ನೆಲ್ಲ ಮೇಜಿನ ಮೇಲೆ ಇಡಲಿ. ಪಕ್ಕದಲ್ಲಿ ರಸ್ತೆ ಅಗಲ ಮಾಡುವುದಿದೆಯಾ? ಮೊಬೈಲ್ ಟವರ್ ಬರುವುದಿದೆಯಾ? ಇದ್ದರೆ ಆ ತುಂಡನ್ನು ಮೊದಲೇ ಹೊರಗಿಡುವುದು ಒಳ್ಳೆಯದು. ಆಮೇಲೆ ತಕರಾರು ತಪ್ಪುತ್ತದೆ.

ಪಾರ್ಕ್ ತೆರೆದ ಮೇಲೆ

ಎಲ್‌ಡಬ್ಲ್ಯೂಸಿಎಫ್ ಹೆಸರಿನ ಫಲಕ ಹಾಕಬೇಕು. ಐದು ವರ್ಷಕ್ಕೊಮ್ಮೆ ರಾಜ್ಯದವರು ಬಂದು ನೋಡುತ್ತಾರೆ. ಪಾರ್ಕ್ ಎಲ್ಲರಿಗೂ ತೆರೆದಿರಬೇಕು. ಪಕ್ಕದ ಊರಿನವರನ್ನು ಹೊರಗಿಡುವಂತಿಲ್ಲ. ಅವರಿಂದ ಶುಲ್ಕ ಜಾಸ್ತಿ ತೆಗೆದುಕೊಂಡರೂ ಊರಿನವರ ಶುಲ್ಕದ ಎರಡು ಪಟ್ಟು ದಾಟುವಂತಿಲ್ಲ. ನಮ್ಮ ಕ್ಲಬ್ ದೇಣಿಗೆ ಕೊಟ್ಟಿದೆ ಅಂತ ಮೈದಾನಕ್ಕೆ ಬೀಗ ಹಾಕಿ ನಾವೇ ಆಡುವಂತೆಯೂ ಇಲ್ಲ. ಬುಕಿಂಗ್ ಮಾಡಿ, ಸರದಿಯಲ್ಲಿ ಆಡಬೇಕು. ಮೊದಲ ಸಭೆಯಲ್ಲೇ ಇದನ್ನು ಸದಸ್ಯರಿಗೆ ತಿಳಿಸಿಬಿಡಿ.

ನಿಮ್ಮ ಊರಿನಲ್ಲಿ ಈಗಾಗಲೇ ಇಂಥ ಪಾರ್ಕ್ ಇದ್ದರೆ, 6(ಎಫ್) ನಕ್ಷೆಯ ಒಂದು ಪ್ರತಿಯನ್ನು ಸಿಟಿ ಅಥವಾ ರಾಜ್ಯದ ಕಚೇರಿಯಿಂದ ಕೇಳಿ ತೆಗೆದಿಟ್ಟುಕೊಳ್ಳಿ. ಎಷ್ಟೋ ಕಡೆ 1970ರ ದಶಕದ ಅನುದಾನದ ವಿಷಯ ಸಿಟಿಯ ಈಗಿನ ನೌಕರರಿಗೇ ಗೊತ್ತಿರುವುದಿಲ್ಲ. ಕೌನ್ಸಿಲ್ ಸಭೆಯ ಕಾರ್ಯಸೂಚಿಯಲ್ಲಿ ಆ ಪಾರ್ಕಿನ ನೆಲ ಬೇರೆ ಕೆಲಸಕ್ಕೆ ಅಂತ ಕಂಡರೆ, ನಕ್ಷೆ ಲಗತ್ತಿಸಿ ರಾಜ್ಯದ ಅನುದಾನ ಕಚೇರಿಗೆ ಒಂದು ಇಮೇಲ್ ಕಳಿಸಿ, ಸಿಟಿ ಕ್ಲರ್ಕ್‌ಗೂ ಒಂದು ಪ್ರತಿ ಹಾಕಿ.