ಕೆರೆ ನೀರುಗಂಟಿಗಳ ಬಗ್ಗೆ ಎರಡು ಭಾಷೆಯಲ್ಲಿ ಬರೆದೆ

ಮಂಡ್ಯದ ಹಳ್ಳಿಗಳ ಮೇಲೆ ಸಂಶೋಧನೆಗೇನೂ ಬರ ಇಲ್ಲ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಇಲ್ಲಿನ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಒಂದಕ್ಕೆ ನಾಲೆ ನೀರು ಬಂತು, ಇನ್ನೊಂದಕ್ಕೆ ಬರಲಿಲ್ಲ. ಆಮೇಲೆ ಏನಾಯಿತು ಅನ್ನುವುದೇ ಅವರ ವಿಷಯ. ಪುಸ್ತಕ 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಚ್ಚಾಯಿತು, ಇಂಗ್ಲಿಷಿನಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರೇ, ಅವರು ಬರೆದದ್ದೂ ಇಂಗ್ಲಿಷಿನಲ್ಲೇ. ನಾನು ಸಮಾಜಶಾಸ್ತ್ರ ಪಾಠ ಮಾಡುವವನು. ನನ್ನ ಕ್ಲಾಸಿನಲ್ಲಿ ಕೂರುವವರು ಅದೇ ಹಳ್ಳಿಗಾಡಿನ ಮಕ್ಕಳು. ಇವನ್ನೆಲ್ಲ ಅವರಿಗೆ ನಾನು ಬಾಯಲ್ಲಿ ಹೇಳಬೇಕೇ ಹೊರತು ಅವರು ತಾವೇ ಓದುವುದು ಕಷ್ಟ. ಹಾಗಾಗಿ ಕೆರೆ ನೀರುಗಂಟಿಗಳ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವರ, ಮೇಲಿನ ನನ್ನ ಕೆಲಸ ಮೊದಲು ಕನ್ನಡದಲ್ಲೇ ಬರಲಿ, ಇಂಗ್ಲಿಷಿನದು ಆಮೇಲೆ ಅಂದುಕೊಂಡೆ.

ಜಾಗ ಹುಡುಕಲು ಮಾನಸಗಂಗೋತ್ರಿಯ ಲೈಬ್ರರಿಯಲ್ಲಿ ಹಳೆ ಸಂಚಿಕೆಗಳನ್ನು ತಿರುವಿದೆ. ಪ್ರಬುದ್ಧ ಕರ್ನಾಟಕ ಶುರುವಾದದ್ದು 1919ರಲ್ಲಿ, ಅಂದರೆ ಕನ್ನಡದಲ್ಲಿ ವಿದ್ವತ್ ಪತ್ರಿಕೆ ಹೊಸದೇನಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಸಾಹಿತ್ಯ, ಶಾಸನ, ಜಾನಪದ. ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಕ್ಷೇತ್ರಕಾರ್ಯ ಆಧರಿಸಿದ ಲೇಖನ ತೀರಾ ಕಡಿಮೆ. ನಮ್ಮ ವಿಷಯದವರು ಕನ್ನಡದಲ್ಲಿ ಬರೆಯುವುದು ಪಠ್ಯಪುಸ್ತಕ, ಇಲ್ಲವೇ ದಿನಪತ್ರಿಕೆಗೆ. ಸಂಶೋಧನೆ ಅಂದ ಕೂಡಲೇ ಇಂಗ್ಲಿಷಿಗೆ ಹಾರಿಬಿಡುತ್ತೇವೆ.

ಮೇಷ್ಟ್ರುಗಳ ನೇಮಕ, ಬಡ್ತಿಗೆ ನೋಡುವ ಅಂಕದ ಲೆಕ್ಕವೂ ಇದೆ ಅನ್ನಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಮಾನವಿಕ ವಿಷಯಗಳ ಒಂದು ಲೇಖನಕ್ಕೆ 10 ಅಂಕ. ಪತ್ರಿಕೆಗೆ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಳತೆ, ಇದ್ದರೆ ಇನ್ನೂ ಜಾಸ್ತಿ. ಕನ್ನಡ ಪತ್ರಿಕೆಗೆ ಅದೆಲ್ಲಿಂದ ಬರಬೇಕು?

ಕನ್ನಡ ಲೇಖನವನ್ನು ಅಚ್ಚಿಗೆ ಮೊದಲು ಪತ್ರಿಕೆಯ ಪರವಾಗಿ ನೋಡಿದ ವಿಮರ್ಶಕರು ಕೇಳಿದ ಪ್ರಶ್ನೆಗಳು ನನಗೆ ಇಷ್ಟವಾದವು. ತೂಬು ಎತ್ತುವ ದಿನ ಯಾರು ನಿರ್ಧರಿಸುತ್ತಾರೆ? ಕೊಯ್ಲಿನಲ್ಲಿ ನೀರುಗಂಟಿಗೆ ಭತ್ತ ಅಳೆದು ಕೊಡುವುದು ಇನ್ನೂ ಉಂಟಾ, ದುಡ್ಡಿಗೆ ತಿರುಗಿದೆಯಾ? ಕೊನೆಯ ಗದ್ದೆಯವನು ಜಗಳಕ್ಕೆ ಬಂದರೆ ಯಾರ ಹತ್ತಿರ ಹೋಗುತ್ತಾನೆ? ಉತ್ತರಕ್ಕಾಗಿ ಮತ್ತೆ ನಾಗಮಂಗಲದ ಕಡೆಗೆ ಹೋಗಬೇಕಾಯಿತು. ಇಂಗ್ಲಿಷ್ ಲೇಖನದ ವಿಮರ್ಶಕರಿಗೆ ತೂಬು ಬೇಕಿರಲಿಲ್ಲ. ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಹೇಳಿದ್ದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಊರೊಟ್ಟಿನ ನೀರು, ಕಾಡುಗಳನ್ನು ಜನ ತಾವೇ ಹೇಗೆ ನೋಡಿಕೊಳ್ಳುತ್ತಾರೆ ಅನ್ನುವ ಕೆಲಸಕ್ಕೇ ಅವರಿಗೆ 2009ರಲ್ಲಿ ನೊಬೆಲ್ ಬಂದದ್ದು. ಹಾಗಾಗಿ ಇಂಗ್ಲಿಷಿನದು ಅನುವಾದ ಆಗಲಿಲ್ಲ, ಬೇರೆಯೇ ಲೇಖನವಾಯಿತು. ಕನ್ನಡದಲ್ಲಿ ಒಂದು ಈಗಾಗಲೇ ಬಂದಿದೆ ಅಂತ ಆ ಸಂಪಾದಕರಿಗೆ ಮೊದಲ ಮೇಲ್‌ನಲ್ಲೇ ತಿಳಿಸಿದ್ದೆ. ಮುಚ್ಚಿಟ್ಟರೆ ಆಮೇಲೆ ರಗಳೆ.

ಕನ್ನಡ ಲೇಖನಕ್ಕೆ ನಿಜವಾದ ತಲೆನೋವು ಫಾಂಟು. ಪುಟ ಕಟ್ಟುವವರು ಹಳೆಯ ನುಡಿ ಫಾಂಟ್ ಕೇಳಿದರು. ಅದರಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ತಲೆ ಮೇಲೆ ಗೀಟು, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಗೂಗಲ್ ಓದುವುದೂ ಅದನ್ನೇ. "ನೀರುಗಂಟಿ" ಅಂತ ಹುಡುಕಿದವರಿಗೆ ನನ್ನ ಲೇಖನ ಸಿಗುವ ಮಾತೇ ಇಲ್ಲ. ಅಚ್ಚಿಗೆ ನುಡಿ ಪ್ರತಿ ಕೊಟ್ಟೆ. ಸಂಪಾದಕರ ಒಪ್ಪಿಗೆ ಪಡೆದು ಯೂನಿಕೋಡ್‌ನಲ್ಲಿ, ಅಂದರೆ ಗೂಗಲ್ ಕೂಡ ಕನ್ನಡವಾಗಿಯೇ ಓದುವ ಅಕ್ಷರದಲ್ಲಿ, ಮಾಡಿದ ಪ್ರತಿಯನ್ನು ಝೆನೋಡೊ ಅನ್ನುವ ಸಂಶೋಧನಾ ಸಂಗ್ರಹ ತಾಣದಲ್ಲಿ ಹಾಕಿದೆ. ಅಲ್ಲಿ ಕಾಸಿಲ್ಲದೆ ಡಿಒಐ, ಅಂದರೆ ಲೇಖನಕ್ಕೊಂದು ಕಾಯಂ ಆನ್‌ಲೈನ್ ಗುರುತು, ಸಿಗುತ್ತದೆ. ಶೀರ್ಷಿಕೆ, ಸಾರಾಂಶ ಎರಡನ್ನೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಟ್ಟೆ.

ಈ ನಡುವೆ ವಾಟ್ಸಾಪ್‌ನಲ್ಲಿ ಒಬ್ಬರು, ದುಡ್ಡು ಹಾಕಿ, ವಾರದಲ್ಲಿ ಸರ್ಟಿಫಿಕೇಟು ಸಮೇತ ಪ್ರಕಟಿಸುತ್ತೇವೆ ಅಂದರು. ಐಎಸ್‌ಎಸ್‌ಎನ್ ಇದೆ ಸಾರ್ ಅನ್ನುವುದೇ ಅವರ ದೊಡ್ಡ ಮಾತು. ಅದು ಪತ್ರಿಕೆಯ ಬರೀ ಗುರುತಿನ ಸಂಖ್ಯೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. 2018ರ ಮೇನಲ್ಲಿ ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಟ್ಟಿಗೆ ತೆಗೆದುಹಾಕಿತ್ತು. ಮರುವರ್ಷ ಅದರ ಬದಲು ಕೇರ್ ಅನ್ನುವ ಹೊಸ ಪಟ್ಟಿ ಬಂತು, 2025ರಲ್ಲಿ ಅದನ್ನೂ ಕೈಬಿಟ್ಟರು. ಈಗ ಪತ್ರಿಕೆ ಒಳ್ಳೆಯದಾ ಅಂತ ನಾವೇ ನೋಡಿಕೊಳ್ಳಬೇಕು. ನಾನು ಹಿಂದಿನ ಸಂಚಿಕೆ ತರಿಸಿಕೊಂಡು ಓದುತ್ತೇನೆ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಫೋನ್ ಮಾಡಿ, ನೀವು ನಿಜವಾಗಿಯೂ ಅದರಲ್ಲಿದ್ದೀರಾ ಸಾರ್ ಅಂತ ಕೇಳುತ್ತೇನೆ. ಹೆಸರು ಹಾಕಿರುವುದೇ ಗೊತ್ತಿಲ್ಲ ಅಂದವರೂ ಇದ್ದಾರೆ.